ಗಂಜೀಫು: ಚಿತ್ರ ಉಳಿಯಿತು, ಆಟ ಹೋಯಿತು

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿ ದೊಡ್ಡಆಲಹಳ್ಳಿ ಎಂಬ ಊರುಂಟು. ಕಾವೇರಿಯೂ ಅರ್ಕಾವತಿಯೂ ಕೂಡುವ ಸ್ಥಳವನ್ನು ನೋಡಹೋಗುವವರು ಅದನ್ನು ಹಾದೇ ಮುಂದಕ್ಕೆ ಹೋಗಬೇಕು. ಇಂಥ ಊರುಗಳ ಹುಡುಗರ ಜೇಬನ್ನೂ ಬಿಡದೆ ಹೊಕ್ಕಿರುವ ಆಟದ ಸಾಮಾನೊಂದಿದೆ. ಅದು ಅಂಗೈಯಗಲದ ಬಣ್ಣದ ಎಲೆ. ಅದರ ಮೇಲೆ ಈ ಲೋಕದಲ್ಲಿ ಎಲ್ಲಿಯೂ ಹುಟ್ಟದ ಒಂದು ಪ್ರಾಣಿಯ ಚಿತ್ರ: ಬಾಲದಲ್ಲಿ ಬೆಂಕಿ ಹೊತ್ತ ಹಲ್ಲಿ, ಬೆನ್ನ ಮೇಲೆ ಗಿಡ ಬೆಳೆದ ಕಪ್ಪೆ. ಚಿತ್ರದ ಜೊತೆಗೆ ಅದರ ಪ್ರಾಣಬಲ ಎಷ್ಟು, ಹೊಡೆತ ಎಂಥದು, ಅದು ಯಾರಿಗೆ ಸೋಲುತ್ತದೆ ಎಂಬ ವಿವರವನ್ನೆಲ್ಲ ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. ಹುಡುಗರು ಇವನ್ನು ಕೂಡಿಡುತ್ತಾರೆ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತಾರೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ. ಹಿರಿಯರು ನೋಡಿ, ‘ಇದೆಲ್ಲ ಎಲ್ಲಿಯ ಪೀಡೆಯೋ!’ ಎಂದು ತಲೆ ಕೊಡವುತ್ತಾರೆ.

ಎಲ್ಲಿಯದೆಂಬುದಕ್ಕೆ ಉತ್ತರವೇನೋ ಸುಲಭವಾಗಿದೆ. ಗಣಿತಜ್ಞನಾದ ರಿಚರ್ಡ್ ಗಾರ್ಫೀಲ್ಡ್ ಎಂಬಾತ 1993ರಲ್ಲಿ ಅಮೆರಿಕದಲ್ಲಿ ಮಂತ್ರವಾದಿಗಳ ಕಾಳಗದ ಎಲೆಯಾಟವೊಂದನ್ನು ಹೊರತಂದ. ಅದರ ಹಿಂದೆಯೇ 1996ರಲ್ಲಿ ಜಪಾನಿನಿಂದ ‘ಪೋಕೆಮಾನ್’ ಎಲೆಗಳು ಬಂದುವು. ಆದರೆ ಅಚ್ಚಿನ ಕಾಗದ ಅಲ್ಲಿಯದಾದರೂ, ಅದರ ಹಿಂದಿರುವ ಕಲ್ಪನೆ ನಮಗೆ ಹೊಸದಲ್ಲ. ಇಲ್ಲದ ಪ್ರಾಣಿಯನ್ನು ಕಲ್ಪಿಸುವುದು, ಅದಕ್ಕೊಂದು ಗುಣ, ಒಂದು ಬಲ, ಒಂದು ದೌರ್ಬಲ್ಯವನ್ನು ಕೊಡುವುದು, ಬಳಿಕ ಯಾರು ಯಾರನ್ನು ಗೆಲ್ಲುತ್ತಾರೆಂದು ಶ್ರೇಣಿ ಕಟ್ಟುವುದು, ಅದನ್ನು ಎಲೆಯ ಮೇಲೆ ಬರೆದು ಆಟವಾಗಿಸುವುದು, ಇಷ್ಟನ್ನೂ ಕನ್ನಡನಾಡು ತನ್ನದೇ ಬಗೆಯಲ್ಲಿ ಬಲ್ಲದು. ಬಲ್ಲದ್ದನ್ನು ನಾವು ಹೇಗೆ ಕೈಬಿಟ್ಟೆವು ಎಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಕಲ್ಲಿನಲ್ಲಿ ಕೊರೆದ ಶ್ರೇಣಿ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಅಲ್ಲಿನ ಶಿಲ್ಪಗಳಲ್ಲಿ ಒಂದನ್ನು ಪ್ರೇಕ್ಷಕರು ಅವಸರದಲ್ಲಿ ನೋಡದೆ ಬಿಡುವುದೇ ಹೆಚ್ಚು. ಜಿಂಕೆಯೊಂದನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತುತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ನುಂಗುತ್ತಿದೆ. ಆ ಶರಭವನ್ನು ಎರಡು ತಲೆಯ ಗಂಡಭೇರುಂಡ ಸಂಹರಿಸುತ್ತಿದೆ. ಮೊದಲ ನಾಲ್ಕು ನಾವು ಕಾಡಿನಲ್ಲಿ ಕಾಣಬಹುದಾದ ಪ್ರಾಣಿಗಳು. ಕೊನೆಯ ಎರಡು ಕಲ್ಪನೆಯ ಮೃಗಗಳು. ಕಂಡದ್ದರಿಂದ ಕಾಣದ್ದಕ್ಕೆ ಶಿಲ್ಪಿ ಎಷ್ಟು ಸಲೀಸಾಗಿ ಏರಿಹೋಗಿದ್ದಾನೆ! ಎಲೆಯಾಟ ಬಲ್ಲವರಿಗೆ ಈ ಸಾಲು ಏನೆಂದು ಬೇರೆ ಹೇಳಬೇಕಾಗಿಲ್ಲ. ಒಂದರ ಮೇಲೊಂದು ಬಿದ್ದ ಆರು ಎಲೆಗಳು, ಗಂಡಭೇರುಂಡ ತುರುಪು.

ಈ ಗಂಡಭೇರುಂಡ ಬೇಲೂರಿಗೂ ಹಿಂದಿನದು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ಮೇಲೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳುಳ್ಳ ಗಂಡಭೇರುಂಡ ನಿಂತಿದೆ. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಅದೇ ಪಕ್ಷಿ ಆನೆಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಎತ್ತಿಕೊಂಡು ಹಾರಿತು. ಅನಂತರ ಅದು ಮೈಸೂರು ಅರಸರ ಲಾಂಛನವಾಯಿತು. ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಆ ಮುದ್ರೆಯಲ್ಲಿ ಅದರ ಇಕ್ಕೆಲಗಳಲ್ಲಿರುವವು ಸಿಂಹದ ಮೈಗೆ ಆನೆಯ ಸೊಂಡಿಲು ಬೆಳೆದ ಮೃಗಗಳು. ಮಕ್ಕಳ ಎಲೆಗಳ ಮೇಲಿನ ವಿಚಿತ್ರ ಪ್ರಾಣಿಗಳನ್ನು ಕಂಡು ನಗುವ ನಾವು, ದಿನ ಬೆಳಗಾದರೆ ಸರ್ಕಾರದ ಕಾಗದದ ಮೇಲೆ ಇವನ್ನು ನೋಡಿಯೂ ನಗುವುದಿಲ್ಲ. ಅಭ್ಯಾಸಬಲ ಅಂಥದು.

ಎಲೆ ಬಂದ ದಾರಿ

ಮೃಗಗಳು ನಮ್ಮವಾದರೂ ಎಲೆಯಾಟ ಹೊರಗಿನಿಂದ ಬಂದದ್ದು. ‘ಗಂಜೀಫು’ ಎಂಬ ಹೆಸರೇ ಪಾರಸಿ. ಬಾಬರನು ತನ್ನ ಆತ್ಮಕಥೆಯಲ್ಲಿ, ಸಿಂಧದ ಶಾ ಹಸನನು ಬಯಸಿದನೆಂದು ಅವನಿಗೆ ಗಂಜೀಫನ್ನು ಕಳುಹಿಸಿಕೊಟ್ಟೆನೆಂದು ಬರೆದುಕೊಂಡಿದ್ದಾನೆ. ಅದು 1527ರ ಮಾತು. ಅದೇ ಶತಮಾನದ ಕೊನೆಯಲ್ಲಿ, ಅಕ್ಬರನ ಆಸ್ಥಾನದ ಅಬುಲ್ ಫಜಲನು ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಹನ್ನೆರಡು ಬಣ್ಣಗಳ, 144 ಎಲೆಗಳ ಒಂದು ಆಟವನ್ನು ವಿವರಿಸಿದ. ಒಂದೊಂದು ಬಣ್ಣಕ್ಕೂ ಒಬ್ಬ ಒಡೆಯ. ಕುದುರೆಗಳಿಗೆ ಅಶ್ವಪತಿ, ಆನೆಗಳಿಗೆ ಗಜಪತಿ, ಕಾಲಾಳುಗಳಿಗೆ ನರಪತಿ. ಈ ನರಪತಿಗೆ ಅವನು ಕೊಟ್ಟ ಉದಾಹರಣೆ ನಮ್ಮ ಬಿಜಾಪುರದ ಅರಸರದು. ಹೀಗೆ ಕನ್ನಡನಾಡಿನ ರಾಜ್ಯವೊಂದು ಮೊಗಲರ ಆಟದ ಎಲೆಗೆ ಮಾದರಿಯಾಗಿ ಒದಗಿತ್ತೆಂಬುದು ಸ್ವಾರಸ್ಯದ ವಿಷಯ.

ಕೋಟೆ, ಧನ, ದಂಡು, ಹಡಗುಗಳಿಗೆಲ್ಲ ಒಡೆಯರಾದ ಮೇಲೆ, ಪಟ್ಟಿಯ ಕೊನೆಗೆ ಬರುವವರು ಈ ಲೋಕದವರಲ್ಲ. ದೇವತೆಗಳಿಗೆ ಸುರಪತಿ, ಭೂತಗಣಗಳಿಗೆ ಅಸುರಪತಿ, ಅವನ ಸಿಂಹಾಸನದ ಮೇಲೆ ಕುಳಿತವನು ಸೊಲೊಮನ್ ದೊರೆ, ಕಾಡುಮೃಗಗಳಿಗೆ ಹುಲಿಯೇ ವನಪತಿ, ಚಿರತೆ ಅದರ ಮಂತ್ರಿ, ಹಾವುಗಳಿಗೆ ಘಟಸರ್ಪವನ್ನೇರಿದ ಅಹಿಪತಿ. ಹನ್ನೆರಡು ಬಣ್ಣಗಳಲ್ಲಿ ಮೊದಲ ಆರು ಬಲಿಷ್ಠವೆಂದೂ ಉಳಿದ ಆರು ದುರ್ಬಲವೆಂದೂ ಎಣಿಕೆ. ಇಂದಿನ ಹುಡುಗನೊಬ್ಬನಿಗೆ ಈ ಪಟ್ಟಿಯನ್ನು ಓದಿ ಹೇಳಿದರೆ ಅವನು ಹುಬ್ಬೇರಿಸಲಾರ. ‘ಹಾವಿನ ರಾಜನಿಗೆ ಎಷ್ಟು ಬಲ?’ ಎಂದು ಕೇಳುತ್ತಾನೆ.

ಪಾರಸಿಯಿಂದ ಬಂದ ಆಟ ಹಿಂದೂ ಮನೆಗಳನ್ನು ಹೊಕ್ಕಾಗ ದಶಾವತಾರ ಗಂಜೀಫು ಹುಟ್ಟಿತು. ಹತ್ತು ಅವತಾರಗಳಿಗೆ ಹತ್ತು ಬಣ್ಣ; ಒಂದೊಂದರಲ್ಲಿ ರಾಜ, ಮಂತ್ರಿ, ಜೊತೆಗೆ ಒಂದರಿಂದ ಹತ್ತರವರೆಗೆ ಎಣಿಕೆಯ ಎಲೆಗಳು. ಒಟ್ಟು 120. ಮತ್ಸ್ಯನ ಎಲೆಗಳಲ್ಲಿ ಮೀನುಗಳು, ಕೂರ್ಮನದರಲ್ಲಿ ಆಮೆಗಳು, ಪರಶುರಾಮನದರಲ್ಲಿ ಕೊಡಲಿಗಳು. ಪ್ರಾಂತಕ್ಕೆ ತಕ್ಕಂತೆ ಗುರುತುಗಳು ಬದಲಾಗುತ್ತಿದ್ದುವು. ಒಡಿಶಾದಲ್ಲಿ ಬುದ್ಧನ ಜಾಗದಲ್ಲಿ ಜಗನ್ನಾಥನೇ ಬಂದು ಕುಳಿತ. ಎಲೆಗಳು ಬಹುಮಟ್ಟಿಗೆ ದುಂಡಗೆ, ದೊಡ್ಡ ನಾಣ್ಯದಂತೆ ಇರುತ್ತಿದ್ದುವು; ಚೌಕಾಕಾರದವೂ ಉಂಟು. ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಹುಣಿಸೆ ಬೀಜದ ಸರಿಯಿಂದ ಅಂಟಿಸಿ, ಸೀಮೆಸುಣ್ಣ ಬಳಿದು, ನುಣ್ಣನೆಯ ಕಲ್ಲಿನಿಂದ ಉಜ್ಜಿ ಹದಮಾಡಿ, ಅದರ ಮೇಲೆ ಚಿತ್ರ ಬರೆದು, ಬೆನ್ನಿಗೆ ಅರಗು ಹಚ್ಚುತ್ತಿದ್ದರು. ಶ್ರೀಮಂತರಿಗೆ ದಂತದ ಎಲೆಗಳು, ಆಮೆಯ ಚಿಪ್ಪಿನ ಎಲೆಗಳು. ಅಂಥ ಬೆಲೆಯುಳ್ಳದ್ದು ‘ದರಬಾರ್ ಕಲಂ’, ಜನಸಾಮಾನ್ಯರದು ‘ಬಾಜಾರ್ ಕಲಂ’ ಎಂದು ಎರಡು ಹೆಸರು.

ಗುಣವೇ ನಿಯಮ

ಆಟದ ಬಗೆಯನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಅದರಲ್ಲಿಯೇ ಗಂಜೀಫಿನ ಜೀವವಿದೆ. ಸಾಧಾರಣವಾಗಿ ಮೂವರು ಕುಳಿತು ಆಡುವುದು. 120 ಎಲೆಗಳನ್ನು ಹಂಚಿದರೆ ತಲೆಗೆ 40. ಇಸ್ಪೀಟಿನಲ್ಲಿ ಹದಿಮೂರು ಎಲೆ ಹಿಡಿದೇ ತಡಕಾಡುವ ನಾವು ನಲವತ್ತನ್ನು ಒಂದು ಕೈಯಲ್ಲಿ ಜೋಡಿಸಿ ಹಿಡಿಯುವ ಪರಿಯನ್ನು ಊಹಿಸಿಕೊಳ್ಳಬೇಕು. ಆರಂಭ ಯಾರದೆಂಬುದನ್ನು ಹೊತ್ತು ನಿರ್ಣಯಿಸುತ್ತಿತ್ತು. ಹಗಲಾದರೆ ರಾಮನ ರಾಜ ಯಾರ ಕೈಯಲ್ಲಿದ್ದಾನೋ ಅವರದು ಮೊದಲ ಎಲೆ. ರಾತ್ರಿಯಾದರೆ ಕೃಷ್ಣನನ್ನು ಹಿಡಿದವರದು. ರಾಮನು ಹುಟ್ಟಿದ್ದು ನಡುಹಗಲಿನಲ್ಲಿ, ಕೃಷ್ಣನು ಹುಟ್ಟಿದ್ದು ನಡುರಾತ್ರಿಯಲ್ಲಿ ಎಂಬುದನ್ನು ನೆನೆದರೆ ನಿಯಮದ ಅಂದ ತಿಳಿಯುತ್ತದೆ.

ಇನ್ನೊಂದು ವಿಶೇಷವುಂಟು. ಹತ್ತು ಬಣ್ಣಗಳಲ್ಲಿ ಅರ್ಧಕ್ಕೆ ಹತ್ತರ ಎಲೆ ದೊಡ್ಡದು, ಒಂದರ ಎಲೆ ಚಿಕ್ಕದು. ಉಳಿದರ್ಧಕ್ಕೆ ಇದು ತಲೆಕೆಳಗು: ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕಿರಿದು. ಆಡುವವನು ಯಾವ ಅವತಾರ ಯಾವ ಪಂಗಡದ್ದೆಂದು ಮರೆತರೆ ಕೆಟ್ಟ. ಅಷ್ಟೇ ಅಲ್ಲ, ಬಿದ್ದುಹೋದ ಎಲೆಗಳನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ರಾಜ, ಮಂತ್ರಿಗಳು ಹೋದಮೇಲೆ ಉಳಿದವರಲ್ಲಿ ಹಿರಿಯನೇ ಆ ಬಣ್ಣದ ಒಡೆಯ. ಅದೃಷ್ಟಕ್ಕೆ ಇಲ್ಲಿ ಎಡೆ ಕಡಿಮೆ, ನೆನಪಿಗೆ ಹೆಚ್ಚು.

ಈಗಿನ ಎಲೆಗೂ ಅಂದಿನ ಎಲೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಕಾಣುವುದು. ಪೋಕೆಮಾನಿನಲ್ಲಿ ಬೆಂಕಿಯ ಪ್ರಾಣಿ ನೀರಿನ ಪ್ರಾಣಿಗೆ ಸೋಲುತ್ತದೆಂಬುದನ್ನು ಎಲೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಗಂಜೀಫಿನ ಎಲೆಯ ಮೇಲೆ ಒಂದಕ್ಷರವೂ ಇರಲಿಲ್ಲ. ನರಸಿಂಹನು ಯಾರು, ವಾಮನನು ಯಾರು, ಅವರ ಮಹಿಮೆ ಏನೆಂಬುದು ಆಡುವವನ ಮನಸ್ಸಿನಲ್ಲಿತ್ತು. ಅಜ್ಜಿಯ ಕಥೆ, ಹರಿಕಥೆ, ಬಯಲಾಟಗಳಿಂದ ಅದು ಅವನಿಗೆ ಬಂದಿತ್ತು. ಎಲೆ ನೆನಪಿಸುತ್ತಿತ್ತು, ಕಲಿಸುತ್ತಿರಲಿಲ್ಲ. ಮತ್ತೊಂದು ಮಾತು. ಈಗಿನ ಪೊಟ್ಟಣವನ್ನು ಒಡೆಯುವವರೆಗೆ ಒಳಗೇನಿದೆಯೆಂದು ಗೊತ್ತಾಗದು. ಅಪೂರ್ವವಾದ ಎಲೆ ಸಿಕ್ಕೀತೆಂಬ ಆಸೆಯಿಂದ ಮತ್ತೆ ಮತ್ತೆ ಕೊಳ್ಳಬೇಕು. ಹೆಚ್ಚು ಕೊಂಡವನ ಕೈ ಹೆಚ್ಚು ಬಲ. ಗಂಜೀಫಿನ ಪೆಟ್ಟಿಗೆಯಾದರೋ ಪೂರ್ಣವಾದದ್ದು. ದಂತದ್ದಾಗಲಿ ಬಟ್ಟೆಯದ್ದಾಗಲಿ, 120ರಲ್ಲಿ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಂಚಿದಮೇಲೆ ಸಾಹುಕಾರನಿಗೂ ಅವನ ಗುಮಾಸ್ತನಿಗೂ ನಲವತ್ತೇ.

ರಾಜ್ಯವಿಲ್ಲದ ರಾಜನ ಎಲೆಗಳು

ಈ ಆಟವನ್ನು ಅದರ ಶಿಖರಕ್ಕೇರಿಸಿದ ಕೀರ್ತಿ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪುವಿನ ಪತನಾನಂತರ ಐದು ವರ್ಷದ ಶಿಶುವಾಗಿ ಪಟ್ಟಕ್ಕೆ ಬಂದರು. ನಗರದ ದಂಗೆಯ ತರುವಾಯ 1831ರಲ್ಲಿ ಇಂಗ್ಲಿಷರು ರಾಜ್ಯಾಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷಗಳ ಕಾಲ, ಅವರು ಹೆಸರಿಗೆ ರಾಜರು. ಸಿಂಹಾಸನವಿತ್ತು, ದರಬಾರಿತ್ತು, ಆಳುವ ಕೆಲಸ ಮಾತ್ರ ಕಮಿಷನರದಾಗಿತ್ತು.

ಆ ದೀರ್ಘಕಾಲವನ್ನು ಮುಮ್ಮಡಿಯವರು ವಿದ್ಯೆಗೂ ವಿನೋದಕ್ಕೂ ವಿನಿಯೋಗಿಸಿದರು. ಕವಿಗಳು, ಪಂಡಿತರು, ಚಿತ್ರಗಾರರು ಅರಮನೆಯಲ್ಲಿ ತುಂಬಿದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಅರಸರು ರಚಿಸಿದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಮಹಾಕೋಶ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳಿಂದ ಹೊರಟು ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಅದು ಮುಗಿಯುತ್ತದೆ. ಈ ಕೌತುಕನಿಧಿಯೇ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು. 122 ಯೋಗಾಸನಗಳ ಚಿತ್ರಗಳಿರುವುದು ಇದರಲ್ಲಿಯೇ. ಅವನ್ನು ವಿದ್ವಾಂಸ ಎನ್. ಇ. ಶೋಮನ್ 1996ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಅತ್ತ ಹರಿಯಿತು. ಅದೇ ನಿಧಿಯಲ್ಲಿ ಹದಿಮೂರು ಬಗೆಯ ಎಲೆಯಾಟಗಳಿವೆಯೆಂಬುದು ಅಷ್ಟಾಗಿ ಪ್ರಸಿದ್ಧವಾಗಲಿಲ್ಲ.

ಅರಸರು ಈ ಆಟಗಳನ್ನು ‘ಛದ’ ಎಂದು ಕರೆದರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ ಮುಂತಾಗಿ ಅವುಗಳ ಹೆಸರು. ಸಾಮಾನ್ಯವಾಗಿ ಒಂದೊಂದು ಬಣ್ಣದಲ್ಲಿ ಎಣಿಕೆಯ ಎಲೆಗಳು ಹನ್ನೆರಡು, ಆಸ್ಥಾನದ ಎಲೆಗಳು ಆರು. ರಾಜ, ಮಂತ್ರಿ ಇಬ್ಬರೇ ಇದ್ದ ಹಳೆಯ ಗಂಜೀಫಿಗೆ ಹೋಲಿಸಿದರೆ ಇದು ತುಂಬಿದ ದರಬಾರು. ಬಣ್ಣಗಳು ಹದಿನೆಂಟರವರೆಗೂ, ಎಲೆಗಳು 360ರವರೆಗೂ ಏರಿದುವು. ಶಾಶ್ವತವಾದ ತುರುಪುಗಳು ಬಂದುವು. ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲ ಎಲೆಗಳು ಬಂದುವು. ದೇವದೇವಿಯರು, ಗ್ರಹಗಳು, ವೀರರು, ವಾಹನಗಳು, ಆಯುಧಗಳು ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ, ತಮ್ಮ ತಮ್ಮ ಬಲದೊಡನೆ.

ಆಳಲು ರಾಜ್ಯವಿಲ್ಲದ ಅರಸರು ಎಲೆಗಳಲ್ಲಿ ಒಂದು ರಾಜ್ಯವನ್ನು ಕಟ್ಟಿಕೊಂಡರೆಂದು ಹೇಳಿದರೆ ತಪ್ಪಾಗಲಾರದು. ಆ ರಾಜ್ಯದಲ್ಲಿ ಮಂತ್ರಿ ರಾಜನ ಮಾತು ಮೀರುತ್ತಿರಲಿಲ್ಲ. ಪ್ರತಿಯೊಬ್ಬನ ಅಧಿಕಾರವೂ ನಿಯಮದಿಂದ ಗೊತ್ತಾಗಿತ್ತು. ಕಮಿಷನರನ ಎಲೆ ಅದರಲ್ಲಿ ಇರಲಿಲ್ಲ.

ಆಟ ಅಳಿದ ಬಗೆ

ಇಷ್ಟು ವೈಭವದ ಆಟ ಏಕೆ ಉಳಿಯಲಿಲ್ಲ? ಎರಡು ಕಾರಣಗಳು ಸ್ಪಷ್ಟವಾಗಿವೆ.

ಮೊದಲನೆಯದು ಒಳಗಿನದು. ಮುಮ್ಮಡಿಯವರ ಛದಗಳು ಅರಮನೆಯನ್ನು ದಾಟಿ ಊರಿನಲ್ಲಿ ಬೇರು ಬಿಡಲಿಲ್ಲ. 360 ಎಲೆಗಳನ್ನು ಬರೆಸಲು ಹಣ ಬೇಕು, ನಿಯಮಗಳನ್ನು ಕಲಿಯಲು ಪುರಸತ್ತು ಬೇಕು, ಕಲಿಸುವವರು ಬೇಕು. ಹೊಲದಿಂದ ಬಂದು ಜಗಲಿಯ ಮೇಲೆ ಕೂರುವವನಿಗೆ ಚೌಕಾಬಾರ ಸಾಕು, ಕಲ್ಲುಹಾಸಿನ ಮೇಲೆ ಗೀಚಿದ ಹುಲಿ-ಕುರಿ ಆಟ ಸಾಕು. ಈ ಬಡ ಆಟಗಳು ಹುಣಿಸೆ ಬೀಜ, ಬೆಣಚುಕಲ್ಲುಗಳ ಬಲದಿಂದಲೇ ಶತಮಾನಗಳನ್ನು ದಾಟಿದುವು. ಅರಮನೆಯ ಆಟ ಅರಸರೊಡನೆಯೇ ಮುಗಿಯಿತು.

ಎರಡನೆಯದು ಹೊರಗಿನದು. ಮುಮ್ಮಡಿಯವರ ಅಧಿಕಾರ ಹೋದ ಅದೇ 1831ರಲ್ಲಿ, ಲಂಡನ್ನಿನ ಥಾಮಸ್ ಡಿ ಲಾ ರೂ ಎಂಬಾತ ಇಸ್ಪೀಟು ಎಲೆಗಳನ್ನು ಬಣ್ಣದಲ್ಲಿ ಯಂತ್ರದಿಂದ ಅಚ್ಚು ಹಾಕುವ ಹಕ್ಕುಪತ್ರವನ್ನು ಪಡೆದ. ಐವತ್ತೆರಡೇ ಎಲೆ, ನಾಲ್ಕೇ ಬಣ್ಣ, ಕಾಸಿನ ಬೆಲೆ. ಕೈಯಿಂದ ಒಂದೊಂದಾಗಿ ಬರೆಯುವ ಚಿತ್ರಗಾರ ಯಂತ್ರದ ಮುಂದೆ ಎಷ್ಟು ದಿನ ನಿಂತಾನು? ಐರೋಪ್ಯರ ಎಲೆಗಳಾದರೋ ಅದಕ್ಕೂ ಮುಂಚೆಯೇ ಹಡಗು ಹತ್ತಿ ಬಂದಿದ್ದುವು. ನಮ್ಮ ‘ಕಳಾವರ’, ‘ಆಟೀನು’ ಎಂಬ ಮಾತುಗಳು ಡಚ್ಚರ ‘ಕ್ಲಾವರ್’, ‘ಹಾರ್ಟನ್’ ಎಂಬುವುಗಳ ತದ್ಭವಗಳು. ಆ ವರ್ತಕರು ಹೋಗಿ ಎಷ್ಟೋ ಕಾಲವಾಯಿತು. ಅವರ ಮಾತು ಹಳ್ಳಿಯ ಕಟ್ಟೆಯಲ್ಲಿ ಇಂದಿಗೂ ಇದೆ. ಆಡುವ ಆಟಕ್ಕೆ ಇರುವ ಆಯುಸ್ಸಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಆಟ ಹೋದಮೇಲೆ ಉಳಿದದ್ದು ಚಿತ್ರ. ಬೊಂಬಾಯಿಯಲ್ಲಿದ್ದ ಜರ್ಮನ್ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ಭಾರತದ ಎಲೆಗಳನ್ನು ಕೂಡಿಹಾಕಿ ಅಭ್ಯಾಸ ಮಾಡಿದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಅವರ ಗಂಜೀಫು ಗ್ರಂಥವನ್ನು ಹೊರತಂದಿತು. ಮೈಸೂರಿನ ಛದಗಳ ಮೇಲೂ ಅವರು ಪ್ರತ್ಯೇಕವಾಗಿ ಬರೆದಿದ್ದಾರೆ. ನಮ್ಮಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲಸಿದ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ಮತ್ತೆ ಪ್ರಾಣ ತುಂಬಿದರು. ಆಟದ ಹೆಸರೇ ಅವರ ಹೆಸರಿನ ಮೊದಲಕ್ಷರವಾಗಿ ನಿಂತಿತು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳನ್ನೂ ಎಲೆಗಳನ್ನೂ ಹುಡುಕಿ ಪ್ರದರ್ಶನಗಳನ್ನು ನಡೆಸಿತು. ಗಡಿಯಾಚೆ ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೇ ಭೋಸ್ಲೆ ಮತ್ತು ಸತ್ವಶೀಲಾದೇವಿಯವರು ಚಿತಾರಿಗಳ ಕಸುಬನ್ನು ಅರಮನೆಯಲ್ಲಿಯೇ ಉಳಿಸಿದರು. ಮೈಸೂರು ಗಂಜೀಫಿಗೆ ಭೌಗೋಳಿಕ ಗುರುತೂ ದೊರೆತಿದೆ. ಇವರೆಲ್ಲರ ಉಪಕಾರ ದೊಡ್ಡದು. ಇವರಿಲ್ಲದಿದ್ದರೆ ಗಂಜೀಫೆಂದರೇನೆಂದು ನಾವು ನಿಘಂಟಿನಲ್ಲಿ ನೋಡಬೇಕಾಗುತ್ತಿತ್ತು.

ಆದರೂ ಒಂದು ಮಾತನ್ನು ಹೇಳಲೇಬೇಕು. ಇಂದು ಗಂಜೀಫನ್ನು ಕೊಳ್ಳುವವರು ಬಹುಮಟ್ಟಿಗೆ ಗೋಡೆಗೆ ತೂಗುಹಾಕುವುದಕ್ಕಾಗಿ ಕೊಳ್ಳುತ್ತಾರೆ. ಗಾಜಿನ ಹಿಂದೆ ನರಸಿಂಹನೊಬ್ಬನೇ ಇರುತ್ತಾನೆ. ಅವನ ಮಂತ್ರಿ ಎಲ್ಲಿ, ಹತ್ತು ಎಲೆಗಳೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಎದುರಿಗೆ ಇನ್ನೊಂದು ಎಲೆ ಬಿದ್ದಾಗಲಲ್ಲವೆ ಅವನ ಬಲವೆಷ್ಟೆಂದು ತಿಳಿಯುವುದು? ಒಂಟಿ ಎಲೆ ಚಿತ್ರವಾದೀತು, ಗಂಜೀಫಾಗದು.

ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣವನ್ನು ಇದಕ್ಕೆ ಹೋಲಿಸಿ ನೋಡಬೇಕು. ಅಲ್ಲಿಯ ಬೊಂಬೆಗೂ ಅರಗೇ ಬಣ್ಣ. ಹಾಲೆ ಮರವನ್ನು ಪಟ್ಟಡಿಗೆ ಕೊಟ್ಟು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಾರೆ. ಅದಕ್ಕೂ ಸಂಕಟದ ಕಾಲ ಬಂದಿತ್ತು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆ ತುಂಬಿದಾಗ ಎಷ್ಟೋ ಕುಶಲಿಗಳು ಪಟ್ಟಡಿ ನಿಲ್ಲಿಸಿದರು. ಆದರೆ ಆ ಬೊಂಬೆ ಮಕ್ಕಳ ಕೈಯನ್ನು ಪೂರಾ ಬಿಡಲಿಲ್ಲ. ಕಾಲ ಬದಲಾದಂತೆ ತಾನೂ ರೂಪ ಬದಲಾಯಿಸಿತು; ಬುಗುರಿಯ ಪಕ್ಕದಲ್ಲಿ ರೈಲುಗಾಡಿ ಬಂತು, ಎಣಿಕೆಯ ಮಣಿಚೌಕಟ್ಟು ಬಂತು. ಮಗು ಎಳೆದಾಡಿ ಚಕ್ರ ಮುರಿದರೆ ತಂದೆತಾಯಿ ಇನ್ನೊಂದು ಕೊಳ್ಳುತ್ತಾರೆ. ಸವೆಯುವ ಸಾಮಾನಿಗೆ ಬೇಡಿಕೆ ಇರುತ್ತದೆ. ಪೂಜೆಗೆ ಕೂರಿಸಿದ ಸಾಮಾನಿಗೆ ಧೂಳು ಹೊಡೆಯುವ ಕೆಲಸ ಮಾತ್ರ ಇರುತ್ತದೆ.

ಆದಕಾರಣ ಮಾಡಬೇಕಾದದ್ದು ಬಹು ಸರಳ. ದರಬಾರ್ ಕಲಮನ್ನು ಚಿತ್ರಗಾರರು ಮುಂದುವರಿಸಲಿ. ಅದರ ಜೊತೆಗೆ ಬಾಜಾರ್ ಕಲಂ ಒಂದು ಬೇಕು. ದಶಾವತಾರದ 120 ಎಲೆಗಳನ್ನು ಗಟ್ಟಿ ಕಾಗದದ ಮೇಲೆ ಅಚ್ಚು ಹಾಕಿಸಿ, ಆಡುವ ಕ್ರಮವನ್ನು ತಿಳಿಗನ್ನಡದಲ್ಲಿ ಒಂದೆರಡು ಪುಟ ಬರೆದು, ಹುಡುಗರ ಕೈಗೆ ನಿಲುಕುವ ಬೆಲೆಗೆ ಮಾರಬೇಕು. ಸರ್ಕಾರದ ಕರಕುಶಲ ನಿಗಮವೋ ಶಾಲೆಗಳೋ ಗ್ರಂಥಾಲಯಗಳೋ ಇದನ್ನು ಕೈಗೆತ್ತಿಕೊಳ್ಳಬಹುದು. ಗಂಡಭೇರುಂಡ, ಶರಭಗಳಿಗೂ ಒಂದೊಂದು ಬಣ್ಣ ಕೊಟ್ಟು ಹೊಸ ಆಟ ಕಟ್ಟಿದರೆ ಮುಮ್ಮಡಿಯವರ ಆತ್ಮ ಸಂತೋಷಪಟ್ಟೀತೇ ಹೊರತು ಬೇಸರಪಡದು. ಹದಿಮೂರು ಆಟಗಳನ್ನು ಕಟ್ಟಿದವರು ಹದಿನಾಲ್ಕನೆಯದನ್ನು ಬೇಡವೆಂದಾರೆ?

ಬೆಂಕಿಬಾಲದ ಹಲ್ಲಿಯನ್ನು ಜೇಬಿನಲ್ಲಿಟ್ಟುಕೊಂಡ ಹುಡುಗನನ್ನು ಗದರಿಸಿ ಪ್ರಯೋಜನವಿಲ್ಲ. ಇಲ್ಲದ ಪ್ರಾಣಿಯ ಬಲಾಬಲವನ್ನು ತೂಗಿ ನೋಡುವ ಅವನ ಬುದ್ಧಿ ಬೇಲೂರಿನ ಶಿಲ್ಪಿಯ ಬುದ್ಧಿಯೇ. ಅವನ ಕೈಗೆ ನಮ್ಮ ಎಲೆಯನ್ನೂ ಒಂದು ಕೊಟ್ಟು, ಎದುರಿಗೆ ಕುಳಿತು, ‘ಈಗ ಹಗಲು, ರಾಮ ಯಾರ ಹತ್ತಿರ ಇದ್ದಾನೆ?’ ಎಂದು ಕೇಳುವ ಹಿರಿಯರು ಬೇಕು.